ಕುತ್ತಿಗೆ ಮೂಳೆ ಸವೆದಿದೆ ಅಂದಿದ್ದಾರೆ, ಕಂಪ್ಯೂಟರ್ ಕೆಲಸ ಬಿಡಬೇಕಾ?

ಓದುಗರ ಪ್ರಶ್ನೆ

"ನನಗೆ 44 ವರ್ಷ. ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಒಬ್ಬ ಆಡಿಟರ್ ಹತ್ತಿರ ಅಕೌಂಟ್ಸ್ ಕೆಲಸ. ಬೆಳಿಗ್ಗೆ ಹತ್ತಕ್ಕೆ ಕೂತರೆ ಸಂಜೆ ಏಳರವರೆಗೂ ಟ್ಯಾಲಿ, ಜಿಎಸ್‌ಟಿ ಪೋರ್ಟಲ್. ಏಳೆಂಟು ತಿಂಗಳಿಂದ ಕುತ್ತಿಗೆಯ ಎಡಗಡೆ ಮತ್ತು ಎಡ ಹೆಗಲು ಹಿಡಿದುಕೊಂಡಿದೆ. ತಿಂಗಳ ಮೊದಲ ವಾರ ಅಷ್ಟೇನಿಲ್ಲ. 10ನೇ ತಾರೀಖಿನಿಂದ 20ರವರೆಗೆ ಮಾತ್ರ ತಡೆಯೋಕೆ ಆಗಲ್ಲ, ತಲೆನೋವೂ ಸೇರಿಕೊಳ್ಳುತ್ತೆ. ಎಕ್ಸ್‌ರೇ ತೆಗೆಸಿದೆ. ಕುತ್ತಿಗೆಯ ಸಹಜ ಬಾಗು ಹೋಗಿ ನೆಟ್ಟಗಾಗಿದೆ, ಸಿ5-ಸಿ6 ಹತ್ತಿರ ಮೂಳೆ ಸವೆದಿದೆ ಅಂದರು. ಮೂರು ತಿಂಗಳಿಂದ ಕಾಲರ್ ಹಾಕಿಕೊಂಡೇ ಕೆಲಸ ಮಾಡುತ್ತಿದ್ದೇನೆ. ನೋವು ಜಾಸ್ತಿಯಾದಾಗ ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ನುಂಗುತ್ತೇನೆ. ಬಿಪಿ ಮಾತ್ರೆಯೂ ನಡೆಯುತ್ತಿದೆ.

ಇತ್ತೀಚೆಗೆ ಹಾಸಿಗೆಯಲ್ಲಿ ಬಲಕ್ಕೆ ಮಗ್ಗುಲು ತಿರುಗಿದರೆ ಇಡೀ ಮನೆ ಗರಗರ ತಿರುಗಿದ ಹಾಗಾಗುತ್ತೆ, ಅರ್ಧ ನಿಮಿಷದಲ್ಲಿ ನಿಲ್ಲುತ್ತೆ. ರಾತ್ರಿ ಬಲಗೈ ಬೆರಳು ಜೋಮು ಹಿಡಿದು ಎಚ್ಚರ ಆಗುತ್ತೆ, ಕೈ ಕೊಡವಿದರೆ ಸರಿ ಹೋಗುತ್ತೆ. ಎಲ್ಲಾ ಸ್ಪಾಂಡಿಲೈಟಿಸ್‌ನಿಂದಲೇ ಅಂತಾರೆ. ಊರ ಕಡೆ ಒಬ್ಬರು ಕುತ್ತಿಗೆ ಲಟಕ್ಕನೆ ತಿರುಗಿಸಿ ಸರಿ ಮಾಡ್ತಾರೆ, ಒಂದ್ಸಲ ಹೋಗಿ ಬರೋಣ ಅಂತ ಅತ್ತೆಯವರು ಹೇಳ್ತಿದ್ದಾರೆ. ಮಗನಿಗೆ 16 ವರ್ಷ, ಪಿಯುಸಿ. ದಿನವಿಡೀ ಮೊಬೈಲ್ ಮೇಲೆ ಬಾಗಿಕೊಂಡೇ ಪಾಠ ನೋಡುತ್ತಾನೆ. ಅವನಿಗೆ ಗೂನು ಬಂದುಬಿಡುತ್ತಾ? ನಾನು ಕೆಲಸ ಬಿಡಬೇಕಾ? ನಾನು ಕೂರುವ ಜಾಗದ ಫೋಟೋ ಕಳಿಸಿದ್ದೇನೆ. ಹೆಸರು ಬೇಡ."

ಫಿಸಿಯೋಥೆರಪಿಸ್ಟ್ ಉತ್ತರ

ಕೊನೆಯ ಪ್ರಶ್ನೆಯ ಉತ್ತರ ಮೊದಲು ಹೇಳಿಬಿಡುತ್ತೇನೆ. ಕೆಲಸ ಬಿಡಬೇಕಾಗಿಲ್ಲ. ನೀವು ಬರೆದಿರುವುದರಲ್ಲಿ ಅಂಥ ಕಾರಣ ನನಗೆ ಒಂದೂ ಕಾಣಲಿಲ್ಲ. ಪತ್ರ ಮತ್ತು ಫೋಟೋ ನೋಡಿ ಹೇಳುತ್ತಿರುವ ಮಾತಿದು, ಕೈಯಿಟ್ಟು ಪರೀಕ್ಷೆ ಮಾಡಿ ಹೇಳುವುದಕ್ಕೆ ಸಮ ಅಲ್ಲ. ಆದರೆ ನಿಮ್ಮ ಪತ್ರ ತುಂಬಾ ವಿವರವಾಗಿದೆ. ಯಾವಾಗ ಜಾಸ್ತಿ, ಯಾವಾಗ ಕಡಿಮೆ, ಯಾವ ಕಡೆ, ಏನು ಮಾಡಿದರೆ ನಿಲ್ಲುತ್ತೆ ಅಂತೆಲ್ಲಾ ಬರೆದಿದ್ದೀರಿ. ಅರ್ಧ ಉತ್ತರ ಅದರಲ್ಲೇ ಇದೆ.

ನಿಮಗಿರುವುದು ಮೂರು ಬೇರೆ ಬೇರೆ ತೊಂದರೆ ಅಂತ ನನಗೆ ಅನಿಸುತ್ತದೆ. ಕುತ್ತಿಗೆ ನೋವು ಒಂದು, ತಲೆಸುತ್ತು ಇನ್ನೊಂದು, ಕೈ ಜೋಮು ಮತ್ತೊಂದು. ಮೂರಕ್ಕೂ ಒಂದೇ ಹೆಸರು ಅಂಟಿಸಿದ್ದಾರೆ. ನಮ್ಮಲ್ಲಿ ಇದು ದಿನವೂ ನಡೆಯುತ್ತದೆ. ನಲವತ್ತು ದಾಟಿದ ಹಲವರ ಎಕ್ಸ್‌ರೇಯಲ್ಲಿ ಏನಾದರೊಂದು ಸವೆತ ಸಿಗುತ್ತದೆ. ಸಿಕ್ಕ ಮೇಲೆ ತಲೆಯಿಂದ ಬೆರಳ ತುದಿಯವರೆಗಿನ ಎಲ್ಲಾ ತೊಂದರೆಯನ್ನೂ ಅದರ ತಲೆಗೆ ಕಟ್ಟುತ್ತಾರೆ. ಆಗ ಸುಲಭವಾಗಿ ವಾಸಿಯಾಗುವ ತೊಂದರೆಯೂ ವರ್ಷಗಟ್ಟಲೆ ಉಳಿದುಬಿಡುತ್ತದೆ.

ತಲೆಸುತ್ತು ಮತ್ತು ಕೈ ಜೋಮು

ಮಗ್ಗುಲು ಬದಲಿಸಿದಾಗ ಮನೆ ತಿರುಗುವುದು, ಅರ್ಧ ನಿಮಿಷದಲ್ಲಿ ನಿಲ್ಲುವುದು, ಅದೂ ಒಂದೇ ಕಡೆ ತಿರುಗಿದಾಗ. ಇದು ಹೆಚ್ಚಾಗಿ ಕಿವಿಯ ತೊಂದರೆ. ಕಿವಿಯ ಒಳಭಾಗದಲ್ಲಿ ಸಮತೋಲನ ನೋಡಿಕೊಳ್ಳುವ ಜಾಗವಿದೆ. ಅಲ್ಲಿ ಕ್ಯಾಲ್ಸಿಯಂನ ತೀರಾ ಸಣ್ಣ ಹರಳುಗಳಿರುತ್ತವೆ. ಅವು ಕೆಲವೊಮ್ಮೆ ಜಾಗ ಬಿಟ್ಟು ಪಕ್ಕದ ನಾಳದೊಳಗೆ ಸೇರಿಕೊಳ್ಳುತ್ತವೆ. ಆಗ ತಲೆ ತಿರುಗಿಸಿದರೆ ಹರಳೂ ಉರುಳುತ್ತದೆ, ಮೆದುಳಿಗೆ ತಪ್ಪು ಸುದ್ದಿ ಹೋಗುತ್ತದೆ. ಇದಕ್ಕೆ ಎಪ್ಲಿ ಅನ್ನುವ ವಿಧಾನವಿದೆ. ನಿಮ್ಮನ್ನು ಮಲಗಿಸಿ, ತಲೆಯನ್ನು ನಿಧಾನವಾಗಿ ಒಂದೊಂದೇ ಕೋನಕ್ಕೆ ತಿರುಗಿಸಿ ಹರಳನ್ನು ಅದರ ಜಾಗಕ್ಕೆ ಕಳಿಸುತ್ತಾರೆ. ಹತ್ತು ನಿಮಿಷದ ಕೆಲಸ. ಬಹಳ ಮಂದಿಗೆ ಒಂದೆರಡು ಸಲದಲ್ಲೇ ನಿಲ್ಲುತ್ತದೆ. ತಲೆಸುತ್ತಿನ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗಿದರೆ ಹರಳು ವಾಪಸ್ ಹೋಗುವುದಿಲ್ಲ. ಕಿವಿ-ಮೂಗು-ಗಂಟಲು ವೈದ್ಯರಿಗೆ ಒಮ್ಮೆ ತೋರಿಸಿ. "ಬಲಕ್ಕೆ ತಿರುಗಿದಾಗ ಮಾತ್ರ, ಅರ್ಧ ನಿಮಿಷ" ಅಂತ ಇದೇ ಮಾತಲ್ಲಿ ಹೇಳಿ.

ರಾತ್ರಿ ಬೆರಳು ಜೋಮು ಹಿಡಿಯುವುದು, ಕೊಡವಿದರೆ ಬಿಡುವುದು, ಇದು ಬಹುಪಾಲು ಮಣಿಕಟ್ಟಿನಲ್ಲಿ ನರ ಒತ್ತುವ ತೊಂದರೆ. ಅದರ ಹೆಸರು ಕಾರ್ಪಲ್ ಟನಲ್. ನಿಮ್ಮ ವಯಸ್ಸಿನ ಹೆಂಗಸರಲ್ಲಿ ಜಾಸ್ತಿ. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ಕಿರುಬೆರಳು ಚೆನ್ನಾಗಿದ್ದರೆ ಅನುಮಾನ ಇನ್ನೂ ಗಟ್ಟಿಯಾಗುತ್ತದೆ. ಯಾವ ಬೆರಳು ಅಂತ ನೀವು ಬರೆದಿಲ್ಲ, ಇವತ್ತು ರಾತ್ರಿ ಗಮನಿಸಿ. ಮಣಿಕಟ್ಟು ಮಡಚದಂತೆ ಇಡುವ ಪಟ್ಟಿಯನ್ನು ರಾತ್ರಿ ಮಲಗುವಾಗ ಕಟ್ಟಿಕೊಂಡರೆ ಕೆಲವು ವಾರದಲ್ಲಿ ಗುಣ ಕಾಣುತ್ತದೆ. ಜೊತೆಗೆ ಥೈರಾಯ್ಡ್ ಮತ್ತು ಸಕ್ಕರೆ ಪರೀಕ್ಷೆ ಮಾಡಿಸಿ, ಎರಡೂ ಇದಕ್ಕೆ ಕಾರಣ ಆಗಬಹುದು. ನರ ಕುತ್ತಿಗೆಯಲ್ಲೇ ಒತ್ತಿಕೊಂಡಿದ್ದರೆ ಕತೆ ಬೇರೆ ಇರುತ್ತಿತ್ತು. ಕುತ್ತಿಗೆಯಿಂದ ತೋಳಿನುದ್ದಕ್ಕೂ ಸೆಳೆತ ಇಳಿಯುತ್ತಿತ್ತು, ಕುತ್ತಿಗೆ ಹಿಂದಕ್ಕೆ ವಾಲಿಸಿದರೆ ಜಾಸ್ತಿಯಾಗುತ್ತಿತ್ತು. ಇನ್ನೊಂದು ವಿಷಯ ಗಮನಿಸಿ. ನಿಮ್ಮ ಕುತ್ತಿಗೆ ನೋವು ಎಡಕ್ಕೆ, ಜೋಮು ಬಲಗೈಗೆ.

ಎಕ್ಸ್‌ರೇಯಲ್ಲಿ ಕಂಡ ಸವೆತ

ಈ ಮಾತು ನಿಮ್ಮನ್ನು ತುಂಬಾ ಹೆದರಿಸಿದೆ ಅಂತ ಪತ್ರದಲ್ಲೇ ಗೊತ್ತಾಗುತ್ತದೆ. ಮೂಳೆ ಸವೆದಿದೆ ಅಂದರೆ ಯಾರಿಗಾದರೂ ಏನನಿಸುತ್ತೆ? ಇನ್ನು ಅಲುಗಾಡಿಸಿದಷ್ಟೂ ಸವೆಯುತ್ತೆ, ಸುಮ್ನೆ ಇಟ್ಟುಕೊಳ್ಳಬೇಕು ಅನಿಸುತ್ತೆ. ನೀವೂ ಹಾಗೇ ಮಾಡಿದ್ದೀರಿ, ಕಾಲರ್ ಹಾಕಿಕೊಂಡಿದ್ದೀರಿ. ಯಾರೇ ಆದರೂ ಅದನ್ನೇ ಮಾಡುತ್ತಿದ್ದರು.

ಜಪಾನಿನ ವೈದ್ಯರು ಕುತ್ತಿಗೆ ನೋವಾಗಲಿ ಕೈ ಸೆಳೆತವಾಗಲಿ ಇಲ್ಲದ 1,211 ಮಂದಿಯ ಎಂಆರ್‌ಐ ತೆಗೆದು 2015ರಲ್ಲಿ ಪ್ರಕಟಿಸಿದರು. ಅವರಲ್ಲಿ 87.6 ಶೇಕಡಾ ಮಂದಿಗೆ ಡಿಸ್ಕ್, ಅಂದರೆ ಎರಡು ಮೂಳೆಗಳ ನಡುವಿನ ಮೆತ್ತೆ, ಉಬ್ಬಿತ್ತು. ಇಪ್ಪತ್ತರ ಹರೆಯದವರಲ್ಲೂ ಹತ್ತಕ್ಕೆ ಏಳಕ್ಕಿಂತ ಜಾಸ್ತಿ ಮಂದಿಗಿತ್ತು. ಇವರೆಲ್ಲಾ ನೋವಿಲ್ಲದವರು. ವಯಸ್ಸಾದಂತೆ ಕೂದಲು ನೆರೆಯುತ್ತೆ, ಕಣ್ಣಿಗೆ ಕನ್ನಡಕ ಬರುತ್ತೆ, ಹಾಗೇ ಡಿಸ್ಕಿನಲ್ಲಿರುವ ನೀರಿನಂಶವೂ ಕಡಿಮೆಯಾಗುತ್ತೆ. ಸಿ5-ಸಿ6 ಅಂದರೆ ಕುತ್ತಿಗೆಯ ಏಳು ಮೂಳೆಗಳಲ್ಲಿ ಐದು ಮತ್ತು ಆರನೆಯದರ ನಡುವಿನ ಜಾಗ. ಚೆನ್ನಾಗಿ ಬಾಗುವ ಜಾಗ ಅದು, ಸವೆತವೂ ಅಲ್ಲೇ ಜಾಸ್ತಿ ಕಾಣುತ್ತದೆ. ಇನ್ನು "ಬಾಗು ಹೋಗಿ ನೆಟ್ಟಗಾಗಿದೆ" ಅನ್ನುವುದು. ನೋವಿಗೆ ಸ್ನಾಯು ಬಿಗಿದಿದ್ದರೆ ಎಕ್ಸ್‌ರೇಯಲ್ಲಿ ಹಾಗೆ ಬರುತ್ತದೆ. ನಿಲ್ಲಿಸುವಾಗ ಗದ್ದ ಸ್ವಲ್ಪ ಕೆಳಗಾದರೂ ಬರುತ್ತದೆ. ಏನೂ ತೊಂದರೆ ಇಲ್ಲದವರಲ್ಲೂ ಬರುತ್ತದೆ.

ಸವೆತ ಯಾವತ್ತೂ ನೋವು ಕೊಡುವುದಿಲ್ಲ ಅಂತ ನಾನು ಹೇಳುತ್ತಿಲ್ಲ. ನರದ ದಾರಿ ಕಿರಿದಾದರೆ ಕೊಡುತ್ತದೆ. ಆದರೆ ನಿಮ್ಮ ನೋವು ತಿಂಗಳ ಮೊದಲ ವಾರ ಅಷ್ಟೇನಿಲ್ಲ, 10ರಿಂದ 20ರವರೆಗೆ ಜೋರು. ಸವೆದ ಮೂಳೆಗೆ ಕ್ಯಾಲೆಂಡರ್ ಗೊತ್ತಿರುವುದಿಲ್ಲ. 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ ರಿಟರ್ನ್ ಸಲ್ಲಿಸುವ ಕೊನೆ ದಿನ. ಆ ದಿನಗಳಲ್ಲಿ ಎಷ್ಟು ಹೊತ್ತು ಅಲುಗಾಡದೆ ಕೂತಿರುತ್ತೀರಿ, ರಾತ್ರಿ ಎಷ್ಟು ಹೊತ್ತಿಗೆ ಮಲಗುತ್ತೀರಿ, ಊಟ ಯಾವ ಹೊತ್ತಿಗೆ ಅಂತ ನೀವೇ ನೆನೆಸಿಕೊಳ್ಳಿ. ನೋವಿನ ಮೂಲ ಅಲ್ಲಿದೆ. ಆದಾಯ ತೆರಿಗೆ ಕೆಲಸದ ಗಡುವು ಬೀಳುವ ಜುಲೈ ಕೊನೆ, ಸೆಪ್ಟೆಂಬರ್ ಕೊನೆ ಬಂತೆಂದರೆ ಆಡಿಟರ್ ಆಫೀಸಿನವರು ಇದೇ ನೋವು ಹೊತ್ತುಕೊಂಡು ನಮ್ಮ ಹತ್ತಿರ ಬರುತ್ತಾರೆ.

ಬಾಗಿದರೆ 27 ಕೆಜಿ ಭಾರ ಅನ್ನುವ ಲೆಕ್ಕ

ನಿಮ್ಮ ಮೊಬೈಲಿಗೂ ಆ ಚಿತ್ರ ಬಂದಿರಬಹುದು. ತಲೆ ಬಾಗಿಸಿದಷ್ಟೂ ಭಾರ ಏರುತ್ತಾ, 60 ಡಿಗ್ರಿ ಬಾಗಿದರೆ ಕುತ್ತಿಗೆ ಮೇಲೆ 27 ಕೆಜಿ ಅಂತ ತೋರಿಸುವ ಚಿತ್ರ. ಅಮೆರಿಕದ ಒಬ್ಬ ಬೆನ್ನುಮೂಳೆ ಸರ್ಜನ್ 2014ರಲ್ಲಿ ಕಂಪ್ಯೂಟರ್ ಮಾದರಿಯಲ್ಲಿ ಮಾಡಿದ ಲೆಕ್ಕ ಅದು. ಜೀವಂತ ಮನುಷ್ಯರ ಕುತ್ತಿಗೆಯಲ್ಲಿ ಅಳೆದದ್ದಲ್ಲ, ನೋವು ಬಂದವರನ್ನು ನೋಡಿ ಬರೆದದ್ದೂ ಅಲ್ಲ. ನಮ್ಮ ತಲೆಯೇ ಸುಮಾರು 5 ಕೆಜಿ ತೂಗುತ್ತದೆ. ಬಾಗಿದಾಗ ಹಿಂದಿನ ಸ್ನಾಯು ಜಾಸ್ತಿ ಎಳೆಯಬೇಕು ಅನ್ನುವುದು ನಿಜ. ಆದರೆ ಆ ಭಾರಕ್ಕೆ ಕುತ್ತಿಗೆ ಹಾಳಾಗುತ್ತದೆ ಅನ್ನುವುದು ಆ ಲೆಕ್ಕದಿಂದ ಸಾಬೀತಾಗುವುದಿಲ್ಲ. 2018ರಲ್ಲಿ ಬ್ರೆಜಿಲ್‌ನಲ್ಲಿ 18ರಿಂದ 21 ವರ್ಷದ 150 ಹುಡುಗ ಹುಡುಗಿಯರನ್ನು ನೋಡಿದರು. ಮೊಬೈಲ್ ಮೇಲೆ ಬಾಗುವವರಿಗೂ ಕುತ್ತಿಗೆ ನೋವಿಗೂ ಸಂಬಂಧ ಸಿಗಲಿಲ್ಲ. ಒಂದು ಅಧ್ಯಯನದಿಂದ ಎಲ್ಲಾ ತೀರ್ಮಾನ ಆಗಲ್ಲ, ಸಂಬಂಧ ಇದೆ ಅಂತ ಹೇಳಿದ ಅಧ್ಯಯನಗಳೂ ಇವೆ. ಆದರೂ ನೆಟ್ಟಗೆ ಕೂತವರಿಗೆಲ್ಲಾ ಸುಖ, ಬಾಗಿ ಕೂತವರಿಗೆಲ್ಲಾ ಕಷ್ಟ ಅನ್ನುವಷ್ಟು ಸರಳ ಅಲ್ಲ ಇದು.

ನನ್ನ ಕೆಲಸದಲ್ಲಿ ದಿನವೂ ಕಾಣುವುದು ಬೇರೆ. ಎದೆ ಸೆಟೆದು ನೆಟ್ಟಗೆ ಕೂತು ಕೂತೇ ನೋವು ತಂದುಕೊಂಡವರು ಬೇಕಾದಷ್ಟು ಮಂದಿ ಇದ್ದಾರೆ. ಯಾವ ಭಂಗಿಯಾದರೂ ಸರಿ, ಅದರಲ್ಲೇ ಗಂಟೆಗಟ್ಟಲೆ ಇದ್ದರೆ ಕುತ್ತಿಗೆ ದಣಿಯುತ್ತದೆ. ನೀರು ತುಂಬಿದ ಒಂದು ಚೊಂಬನ್ನು ಕೈ ಚಾಚಿ ಹಿಡಿದುಕೊಳ್ಳಿ. ಚೊಂಬು ಹಗುರವೇ. ಆದರೆ ಐದು ನಿಮಿಷಕ್ಕೆ ಹೆಗಲು ಉರಿಯುತ್ತೆ, ಕೈ ನಡುಗುತ್ತೆ. ಹೆಗಲಲ್ಲಿ ಏನೂ ಮುರಿದಿಲ್ಲ, ಏನೂ ಸವೆದಿಲ್ಲ. ಇಳಿಸಿ ಎರಡು ಸಲ ಕೈ ಆಡಿಸಿದರೆ ಸರಿ ಹೋಗುತ್ತೆ. ನಿಮ್ಮ ಕುತ್ತಿಗೆಗೆ ಆ ಇಳಿಸುವ ಹೊತ್ತೇ ಸಿಗುತ್ತಿಲ್ಲ.

ನಿಮ್ಮ ಫೋಟೋದಲ್ಲಿ ಕಂಡದ್ದು

ಮೂರು ಸಂಗತಿ ಕಂಡವು. ಮೊದಲನೆಯದು ಬಿಲ್ಲುಗಳ ಕಟ್ಟು. ಕೀಬೋರ್ಡಿನ ಎಡಕ್ಕೆ, ಮೇಜಿನ ಮೇಲೆ ಮಲಗಿಸಿ ಇಟ್ಟಿದ್ದೀರಿ. ಒಂದೊಂದು ಬಿಲ್ಲಿಗೂ ಕುತ್ತಿಗೆ ಎಡಕ್ಕೆ ತಿರುಗಬೇಕು, ಬಾಗಬೇಕು, ಮತ್ತೆ ಸ್ಕ್ರೀನ್ ನೋಡಲು ಏಳಬೇಕು. ಮಂಡಿಪೇಟೆಯ ಒಂದು ದೊಡ್ಡ ಅಂಗಡಿಯ ತಿಂಗಳ ಬಿಲ್ ಅಂದರೆ ಎಷ್ಟು ನೂರು ಸಲ! ಕುತ್ತಿಗೆಯ ಮೇಲಿನ ನಾಲ್ಕು ಮೂಳೆಯಿಂದ ಹೊರಟು ಬೆನ್ನಿನ ರೆಕ್ಕೆ ಮೂಳೆಯ ಒಳಗಿನ ಮೇಲ್ತುದಿಗೆ ಬಂದು ಸೇರುವ ಒಂದು ಸ್ನಾಯು ಇದೆ. ಹೆಗಲನ್ನು ಮೇಲೆತ್ತುವುದೂ, ಕುತ್ತಿಗೆಯನ್ನು ಆ ಕಡೆಗೆ ತಿರುಗಿಸಲು ನೆರವಾಗುವುದೂ ಅದರ ಕೆಲಸ. ಬಲಗೈಯನ್ನು ಎಡ ಹೆಗಲ ಮೇಲಿಂದ ಹಿಂದಕ್ಕೆ ಹಾಕಿ, ರೆಕ್ಕೆ ಮೂಳೆಯ ಆ ಮೂಲೆಯನ್ನು ಬೆರಳಿಂದ ಒತ್ತಿ ನೋಡಿ. "ಹಾಂ, ಇದೇ ಜಾಗ" ಅನಿಸಿದರೆ ಆಶ್ಚರ್ಯ ಇಲ್ಲ. ಫೋನ್ ಬಂದಾಗ ಅದನ್ನು ಎಡ ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು ಟೈಪ್ ಮಾಡುವ ಅಭ್ಯಾಸ ಇದ್ದರೆ ಅದೇ ಸ್ನಾಯುವಿಗೆ ಇನ್ನೊಂದು ಪಾಲು ಕೆಲಸ.

ಎರಡನೆಯದು ಕನ್ನಡಕ. ಫೋಟೋದಲ್ಲಿ ನೀವು ಗದ್ದ ಮೇಲೆತ್ತಿ ಸ್ಕ್ರೀನ್ ನೋಡುತ್ತಿದ್ದೀರಿ. ದೂರಕ್ಕೂ ಹತ್ತಿರಕ್ಕೂ ಒಂದೇ ಗಾಜು ಇರುವ ಕನ್ನಡಕ ಅದು ಅನಿಸುತ್ತದೆ. ಹತ್ತಿರದ್ದು ಓದುವ ಭಾಗ ಅದರಲ್ಲಿ ಕೆಳಗಿರುತ್ತದೆ. ಮಾನಿಟರನ್ನು ಸಿಪಿಯು ಡಬ್ಬದ ಮೇಲೆ ಇಟ್ಟು ಎತ್ತರ ಮಾಡಿದ್ದೀರಿ, ಯಾರೋ ಕಣ್ಣಿನ ಮಟ್ಟಕ್ಕೆ ಬರಬೇಕು ಅಂದಿರಬೇಕು. ಆ ಸಲಹೆ ಬೇರೆಯವರಿಗೆ ಸರಿ, ಈ ಕನ್ನಡಕದವರಿಗೆ ಸರಿ ಹೋಗಲ್ಲ. ಕೆಳಗಿನ ಗಾಜಿನಲ್ಲಿ ಓದಲು ಇಡೀ ದಿನ ತಲೆ ಹಿಂದಕ್ಕೆ ವಾಲಿಸಬೇಕಾಗುತ್ತದೆ. ತಲೆಬುರುಡೆ ಮತ್ತು ಕುತ್ತಿಗೆ ಸೇರುವ ಜಾಗದ ಸಣ್ಣ ಸ್ನಾಯುಗಳು ಬಿಗಿಯುತ್ತವೆ. ಹಿಂದಲೆಯಿಂದ ಹತ್ತಿ ಹಣೆಯವರೆಗೆ ಬರುವ ತಲೆನೋವಿಗೆ ಇದು ಒಂದು ಕಾರಣ. ಮಾನಿಟರನ್ನು ಡಬ್ಬದಿಂದ ಕೆಳಗಿಳಿಸಿ, ತುಸು ಹಿಂದಕ್ಕೆ ವಾಲಿಸಿ. ಆಗಲೂ ಗದ್ದ ಎತ್ತಬೇಕು ಅನಿಸಿದರೆ, ಕಂಪ್ಯೂಟರ್ ದೂರಕ್ಕೆ ಅಂತಲೇ ಒಂದು ಬೇರೆ ಕನ್ನಡಕ ಮಾಡಿಸಿ. ಹೋಗುವ ಮೊದಲು ಕಣ್ಣಿನಿಂದ ಸ್ಕ್ರೀನಿಗೆ ಎಷ್ಟು ಸೆಂಟಿಮೀಟರ್ ಇದೆ ಅಂತ ಟೇಪು ಹಿಡಿದು ಅಳೆದುಕೊಂಡು ಹೋಗಿ, ಕಣ್ಣು ಪರೀಕ್ಷೆ ಮಾಡುವವರಿಗೆ ಅದು ಬೇಕು.

ಮೂರನೆಯದು ಪಾದ. ನೆಲಕ್ಕೆ ತಾಗುತ್ತಿಲ್ಲ. ಹಾಗಾಗಿ ಕುರ್ಚಿಯ ಅಂಚಿಗೆ ಬಂದು ಕೂತಿದ್ದೀರಿ, ಬೆನ್ನಿಗೆ ಆಸರೆ ಇಲ್ಲ. ಎ4 ಹಾಳೆಯ ಎರಡು ಕಟ್ಟು ಕಾಲಡಿಗೆ ಇಟ್ಟರೂ ಸಾಕು. ಬಿಲ್ಲುಗಳನ್ನು ಮಾನಿಟರ್ ಪಕ್ಕದಲ್ಲೇ ನಿಲ್ಲಿಸಿಡಲು ಒಂದು ಸ್ಟ್ಯಾಂಡ್ ತನ್ನಿ. ಅದನ್ನು ಒಂದು ವಾರ ಎಡಕ್ಕೆ, ಒಂದು ವಾರ ಬಲಕ್ಕೆ ಇಡಿ. ದುಬಾರಿ ಕುರ್ಚಿ ಈಗ ಬೇಡ.

ಇಷ್ಟು ಮಾಡಿದರೂ ಅಲುಗಾಡದೆ ಕೂತರೆ ಪ್ರಯೋಜನ ಕಡಿಮೆ. ಅರ್ಧ ಗಂಟೆಗೊಮ್ಮೆ ಒಂದು ನಿಮಿಷ ಏಳಿ. ದೊಡ್ಡ ಬಾಟಲಿ ಬದಲು ಸಣ್ಣ ಲೋಟದಲ್ಲಿ ನೀರು ಇಟ್ಟುಕೊಂಡರೆ ಏಳಲೇಬೇಕಾಗುತ್ತದೆ. ಕ್ಲೈಂಟ್ ಫೋನ್ ಬಂದರೆ ಎದ್ದು ನಿಂತು ಮಾತಾಡಿ. ಸಂಜೆ ಆಫೀಸಿನವರು ಮಂಡಕ್ಕಿ-ಮಿರ್ಚಿಗೆ ಹೊರಟರೆ "ನೀವು ಹೋಗಿ ಬನ್ನಿ" ಅನ್ನದೆ ಜೊತೆಗೆ ಹೋಗಿ. ತಿನ್ನದಿದ್ದರೂ ಪರವಾಗಿಲ್ಲ, ನಡೆದು ಬಂದಂತಾಯಿತು. 10ರಿಂದ 20ರ ನಡುವೆ ಇದನ್ನು ತಪ್ಪಿಸಲೇಬೇಡಿ. ಕೆಲಸ ಜಾಸ್ತಿ ಇದೆ ಅಂತ ಏಳುವುದನ್ನು ನಿಲ್ಲಿಸುವುದು ಆಗಲೇ.

ಕುತ್ತಿಗೆಗೆ ಬೇಕಿರುವುದು ಬಲ

ಡೆನ್ಮಾರ್ಕಿನಲ್ಲಿ 2011ರಲ್ಲಿ ಪ್ರಕಟವಾದ ಒಂದು ಪ್ರಯೋಗ ನನಗೆ ತುಂಬಾ ಇಷ್ಟ, ಯಾಕೆಂದರೆ ಅದು ಕೆಲಸದ ನಡುವೆ ಇರುವವರಿಗೆ ಹೇಳಿ ಮಾಡಿಸಿದ ಹಾಗಿದೆ. ಕುತ್ತಿಗೆ-ಹೆಗಲು ನೋವಿದ್ದ 198 ಮಂದಿ ಆಫೀಸ್ ನೌಕರರು, ಹೆಚ್ಚಿನವರು ಹೆಂಗಸರು. ಒಂದು ಗುಂಪಿಗೆ ರಬ್ಬರ್ ಬ್ಯಾಂಡ್ ಹಿಡಿದು ದಿನಕ್ಕೆ ಎರಡೇ ನಿಮಿಷ ಕೈಯನ್ನು ಪಕ್ಕಕ್ಕೆ ಎತ್ತುವ ವ್ಯಾಯಾಮ, ಇನ್ನೊಂದು ಗುಂಪಿಗೆ 12 ನಿಮಿಷ. ವಾರಕ್ಕೆ ಐದು ದಿನ, ಹತ್ತು ವಾರ. ಎರಡು ಗುಂಪಿಗೂ ವ್ಯಾಯಾಮ ಮಾಡದವರಿಗಿಂತ ನೋವು ಕಡಿಮೆಯಾಯಿತು. 12 ನಿಮಿಷದವರಿಗೆ ಸ್ವಲ್ಪ ಜಾಸ್ತಿ ಗುಣ ಕಂಡಿತು, ಆದರೆ ಎರಡು ನಿಮಿಷದವರೂ ಹೆಚ್ಚೇನೂ ಹಿಂದೆ ಬೀಳಲಿಲ್ಲ. ಮನೆಕೆಲಸ, ಅಡುಗೆ, ಆಫೀಸು ಮೂರೂ ಮಾಡುವವರಿಗೆ ದಿನಾ ಒಂದು ಗಂಟೆ ವ್ಯಾಯಾಮ ಮಾಡಿ ಅಂತ ಹೇಳುವುದು ನನಗೆ ಸರಿ ಕಾಣುವುದಿಲ್ಲ. ಎರಡು ನಿಮಿಷ ಯಾರಿಗಾದರೂ ಸಿಗುತ್ತದೆ.

ಹೀಗೆ ಮಾಡಿ. ರಬ್ಬರ್ ಬ್ಯಾಂಡಿನ ನಡುವನ್ನು ಕಾಲಡಿಗೆ ಇಟ್ಟು ಎರಡು ತುದಿ ಎರಡು ಕೈಯಲ್ಲಿ ಹಿಡಿಯಿರಿ. ಬ್ಯಾಂಡ್ ಇಲ್ಲದಿದ್ದರೆ ಅರ್ಧ ಲೀಟರ್ ನೀರಿನ ಬಾಟಲಿ ಎರಡು ತೆಗೆದುಕೊಳ್ಳಿ. ಮೊಣಕೈ ತುಸು ಸಡಿಲ ಬಿಟ್ಟು, ಎರಡೂ ಕೈ ಪಕ್ಕಕ್ಕೆ ಹೆಗಲಿನ ಮಟ್ಟದವರೆಗೆ ನಿಧಾನ ಎತ್ತಿ, ನಿಧಾನ ಇಳಿಸಿ. ಹೆಗಲು ಕಿವಿಯ ಕಡೆ ಏರಬಾರದು. ಸುಸ್ತಾಗುವವರೆಗೆ ಮಾಡಿ, ಎರಡು ನಿಮಿಷದ ಒಳಗೆ ಮುಗಿಸಿ. ಸಲೀಸು ಅನಿಸಿದಾಗ ಬಿಗಿಯಾದ ಬ್ಯಾಂಡಿಗೆ ಹೋಗಿ.

ಇದರ ಜೊತೆಗೆ ಇನ್ನೊಂದು, ಮಲಗಿಕೊಂಡು ಮಾಡುವಂಥದ್ದು. ತೆಳ್ಳಗಿನ ದಿಂಬಿನ ಮೇಲೆ ಅಂಗಾತ ಮಲಗಿ. ತಲೆ ಎತ್ತಬೇಡಿ. "ಹೂಂ" ಅನ್ನುವಾಗ ತಲೆ ಆಡಿಸುತ್ತೀರಲ್ಲ, ಅಷ್ಟೇ ಅಷ್ಟು ಗದ್ದವನ್ನು ಗಂಟಲಿನ ಕಡೆ ತನ್ನಿ. ಹತ್ತು ಎಣಿಸುವವರೆಗೆ ಹಿಡಿದು ಬಿಡಿ. ಹತ್ತು ಸಲ. ಕುತ್ತಿಗೆಯ ಮುಂಭಾಗದಲ್ಲಿ, ಮೂಳೆಗೆ ಅಂಟಿಕೊಂಡಂತೆ ಇರುವ ಆಳದ ಸ್ನಾಯುಗಳಿಗೆ ಇದು ಕೆಲಸ ಕೊಡುತ್ತದೆ. ನೋವಿದ್ದವರಲ್ಲಿ ಅವು ಸೋಮಾರಿಯಾಗಿರುತ್ತವೆ. ಎಪ್ಲಿ ಮಾಡಿಸಿಕೊಂಡು ತಲೆಸುತ್ತು ನಿಂತ ಮೇಲೆ ಇದನ್ನು ಶುರು ಮಾಡಿ.

ಮಾಡುವಾಗ ಹತ್ತಕ್ಕೆ ಮೂರರಷ್ಟು ನೋವಾದರೆ ಹೆದರಬೇಡಿ. ಮಾರನೇ ದಿನದ ಹೊತ್ತಿಗೆ ಅದು ಇಳಿದರೆ ಸರಿಯಾದ ದಾರಿಯಲ್ಲೇ ಇದ್ದೀರಿ. ಇಳಿಯದಿದ್ದರೆ ಅರ್ಧ ಮಾಡಿ, ಪೂರ್ತಿ ನಿಲ್ಲಿಸಬೇಡಿ. ಮೊದಲ ಎರಡು ವಾರ ಏನೂ ವ್ಯತ್ಯಾಸ ಕಾಣದೇ ಇರಬಹುದು. ಎಂಟರಿಂದ ಹತ್ತು ವಾರ ಕೊಡಿ. ಕುಂದವಾಡ ಕೆರೆ ನಿಮಗೆ ಹತ್ತಿರವಿದ್ದರೆ ಭಾನುವಾರ ಬೆಳಿಗ್ಗೆ ಕೈ ಬೀಸಿಕೊಂಡು ಜೋರಾಗಿ ನಡೆದು ಬನ್ನಿ, ಅದೂ ಕುತ್ತಿಗೆಗೆ ಔಷಧಿಯೇ.

ಕಾಲರ್, ಮಾತ್ರೆ, ಮಿಷನ್, ಲಟಕ್

ಕಾಲರ್ ಬಿಡಿ. ಮೂರು ತಿಂಗಳು ಜಾಸ್ತಿಯಾಯಿತು. ಜೋರು ನೋವಿನ ಮೊದಲ ಎರಡು ಮೂರು ದಿನಕ್ಕೆ ಅದು ಆಸರೆ, ಆಮೇಲೆ ಸ್ನಾಯುವನ್ನು ಸೊರಗಿಸುತ್ತದೆ. ಒಂದೇ ಸಲ ತೆಗೆಯಲು ಭಯ ಆದರೆ ದಿನಕ್ಕೆ ಒಂದು ಗಂಟೆಯಂತೆ ಕಡಿಮೆ ಮಾಡುತ್ತಾ ಬನ್ನಿ. ಸ್ಕೂಟಿ ಓಡಿಸುವಾಗಂತೂ ಹಾಕಲೇಬೇಡಿ, ಪಕ್ಕಕ್ಕೆ ತಿರುಗಿ ನೋಡಲು ಆಗುವುದಿಲ್ಲ.

ಮಾತ್ರೆಯ ವಿಷಯದಲ್ಲಿ ನನಗೆ ನಿಜವಾಗಿ ಆತಂಕ ಇದೆ. ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ನೋವಿನ ಮಾತ್ರೆಗಳಲ್ಲಿ ಹಲವು ಬಿಪಿ ಏರಿಸುತ್ತವೆ, ಬಿಪಿ ಮಾತ್ರೆಯ ಕೆಲಸ ಕೆಡಿಸುತ್ತವೆ, ಕಿಡ್ನಿಗೂ ಹೊಟ್ಟೆಗೂ ಪೆಟ್ಟು ಕೊಡುತ್ತವೆ. ನೀವು ಈಗ ನುಂಗುತ್ತಿರುವ ಮಾತ್ರೆಯ ಸ್ಟ್ರಿಪ್ಪನ್ನು ಹಾಗೇ ತೆಗೆದುಕೊಂಡು ಹೋಗಿ ಬಿಪಿ ನೋಡುವ ವೈದ್ಯರಿಗೆ ತೋರಿಸಿ, ಈ ವಾರವೇ. ಹಚ್ಚುವ ಜೆಲ್ ಮೈಯೊಳಗೆ ಹೋಗುವುದು ಕಡಿಮೆ, ಅದನ್ನು ಬಳಸಬಹುದಾ ಅಂತ ಅವರನ್ನೇ ಕೇಳಿ. ಉಪ್ಪಿನ ಶಾಖ ಹಿತ ಕೊಡುತ್ತದೆ, ಕೊಡಿ. ಚರ್ಮ ಸುಡದಂತೆ ಮೊದಲು ಮಣಿಕಟ್ಟಿನ ಮೇಲೆ ಇಟ್ಟು ನೋಡಿ.

ನಮ್ಮಲ್ಲಿರುವ ಕರೆಂಟ್ ಮಿಷನ್, ಅಲ್ಟ್ರಾಸೌಂಡ್, ಕುತ್ತಿಗೆ ಎಳೆಯುವ ಟ್ರ್ಯಾಕ್ಷನ್ ಬಗ್ಗೆಯೂ ಮುಚ್ಚುಮರೆ ಬೇಡ. ಅವು ಕೆಲವು ಗಂಟೆಯ ಹಿತ ಕೊಡಬಹುದು. ಹತ್ತು ದಿನ ಬರೀ ಮಿಷನ್ ಇಟ್ಟು, ವ್ಯಾಯಾಮ ಹೇಳಿಕೊಡದೆ ಕಳಿಸಿದರೆ ನಿಮ್ಮ ದುಡ್ಡೂ ಸಮಯವೂ ದಂಡ. ಫಿಸಿಯೋಥೆರಪಿಗೆ ಹೋದಾಗ "ನಾನು ಮನೆಯಲ್ಲಿ ಏನು ಮಾಡಬೇಕು, ಯಾವಾಗ ಜಾಸ್ತಿ ಮಾಡಬೇಕು" ಅಂತ ಕೇಳಿ. ಉತ್ತರ ಸಿಗದಿದ್ದರೆ ಬೇರೆ ಕಡೆ ಹೋಗಿ.

ಇನ್ನು ಅತ್ತೆಯವರ ಮಾತು. ಅವರು ಪ್ರೀತಿಯಿಂದಲೇ ಹೇಳಿದ್ದಾರೆ, ಆ ಕಡೆ ಹೋಗಿ ಗುಣ ಕಂಡವರನ್ನು ನೋಡಿಯೂ ಇರಬಹುದು. ದಯವಿಟ್ಟು ಹೋಗಬೇಡಿ. ಕುತ್ತಿಗೆ ಮೂಳೆಗಳ ಪಕ್ಕದ ತೂತುಗಳ ಒಳಗಿಂದ ಎರಡು ರಕ್ತನಾಳ ಮೆದುಳಿನ ಹಿಂಭಾಗಕ್ಕೆ ಹೋಗುತ್ತವೆ. ಜೋರಾಗಿ ತಿರುಗಿಸಿದಾಗ ಅದರ ಒಳಪದರ ಸೀಳಬಹುದು, ಅಲ್ಲಿ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಹೊಡೆಯಬಹುದು. ಅಪರೂಪ, ಆದರೆ ಒಮ್ಮೆ ಹಾಗಾಯಿತೆಂದರೆ ವಾಪಸ್ ಬರುವ ದಾರಿ ಕಷ್ಟ. ಬಳ್ಳಾರಿಯ 30 ವರ್ಷದ ಒಬ್ಬ ಯುವಕನಿಗೆ ಸಲೂನಿನಲ್ಲಿ ಕುತ್ತಿಗೆ ತಿರುಗಿಸಿಕೊಂಡ ಮೇಲೆ ಹೀಗಾದದ್ದು 2024ರಲ್ಲಿ ಪತ್ರಿಕೆಗಳಲ್ಲಿ ಬಂದಿತ್ತು. ನಿಮಗೆ ಬಿಪಿ ಬೇರೆ ಇದೆ. ಎಣ್ಣೆ ಹಚ್ಚಿ ಮೆತ್ತಗೆ ನೀವಿಸಿಕೊಳ್ಳುವುದಕ್ಕೆ ನನ್ನ ಅಡ್ಡಿ ಇಲ್ಲ. ಲಟಕ್ ಅನ್ನಿಸುವುದು ಬೇಡ. ಅತ್ತೆಯವರಿಗೂ ಇಷ್ಟನ್ನು ಓದಿ ಹೇಳಿ.

ಆಪರೇಷನ್ ಬಗ್ಗೆ ನೀವು ಕೇಳಿಲ್ಲ, ಆದರೆ ಮನಸ್ಸಿನಲ್ಲಿ ಇರುತ್ತದೆ. ಬರೀ ಕುತ್ತಿಗೆ ನೋವಿಗೆ ಸಾಮಾನ್ಯವಾಗಿ ಆಪರೇಷನ್ ಮಾಡುವುದಿಲ್ಲ. ನರ ಒತ್ತಿ ತೋಳಿಗೆ ಸೆಳೆತ ಇಳಿದವರಲ್ಲೂ ಬಹಳ ಮಂದಿ ಕೆಲವು ತಿಂಗಳಲ್ಲಿ ಆಪರೇಷನ್ ಇಲ್ಲದೆ ಸುಧಾರಿಸುತ್ತಾರೆ.

ಕಾಯಬಾರದ ಲಕ್ಷಣಗಳೂ ಇವೆ. ಬ್ಲೌಸಿನ ಹುಕ್ಕು ಹಾಕಲು, ಪೆನ್ನು ಹಿಡಿಯಲು ಬೆರಳು ತೊಡರುವುದು. ನಡೆಯುವಾಗ ಕಾಲು ತೂರಾಡುವುದು. ಕೈಯಲ್ಲಿ ಬಲ ಕುಂದುವುದು. ಮೂತ್ರದ ಹಿಡಿತ ತಪ್ಪುವುದು. ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಮಲಗಿದರೂ ಬಿಡದ ರಾತ್ರಿ ನೋವು. ಬಿದ್ದು ಪೆಟ್ಟಾದ ಮೇಲೆ ಬಂದ ನೋವು. ಇವುಗಳಲ್ಲಿ ಒಂದಿದ್ದರೂ ಮೂಳೆ ಅಥವಾ ನರರೋಗ ತಜ್ಞರನ್ನು ಕೂಡಲೇ ನೋಡಿ, ಆಗ ಎಂಆರ್‌ಐ ಬೇಕಾಗುತ್ತದೆ. ಹಿಂದೆಂದೂ ಬಾರದ ಜೋರು ತಲೆನೋವು, ಮಾತು ತೊದಲುವುದು, ಎರಡೆರಡು ಕಾಣುವುದು ಇದ್ದಕ್ಕಿದ್ದಂತೆ ಬಂದರೆ ನೇರ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಕುತ್ತಿಗೆ, ಎಡಗೈ ನೋವಿನ ಜೊತೆ ಎದೆ ಬಿಗಿತ, ಬೆವರು, ಉಸಿರಾಟದ ಕಷ್ಟ ಬಂದರೂ ಅಷ್ಟೇ. ಬಿಪಿ ಇರುವವರು ಅದನ್ನು ಕುತ್ತಿಗೆ ಹಿಡಿತ ಅಂತ ಮನೆಯಲ್ಲೇ ತಿಕ್ಕಿಕೊಂಡು ಕೂರಬಾರದು.

ಮಗನ ಬಗ್ಗೆ

ಮೊಬೈಲ್ ನೋಡಿದ್ದಕ್ಕೆ ಗೂನು ಬರುವುದಿಲ್ಲ. ಆದರೂ ಎರಡು ಸಣ್ಣ ಪರೀಕ್ಷೆ ಮನೆಯಲ್ಲೇ ಮಾಡಿ. ಅವನನ್ನು ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ. ಬೆನ್ನು ಸಲೀಸಾಗಿ ನೆಲಕ್ಕೆ ತಾಗಿ ತಲೆ ಆರಾಮಾಗಿ ಇಟ್ಟುಕೊಂಡರೆ, ಅವನದು ಬರೀ ಕೂರುವ ರೂಢಿ. ಆಮೇಲೆ ಅಂಗಿ ತೆಗೆಸಿ, ಎರಡೂ ಕೈ ಜೋಡಿಸಿ ಮುಂದಕ್ಕೆ ಬಾಗಲು ಹೇಳಿ, ಹಿಂದಿನಿಂದ ನೋಡಿ. ಬೆನ್ನಿನ ಒಂದು ಪಕ್ಕ ಇನ್ನೊಂದಕ್ಕಿಂತ ಉಬ್ಬಿ ಕಂಡರೆ, ಅಥವಾ ಮಲಗಿದಾಗಲೂ ಮೇಲ್ಬೆನ್ನಿನ ಬಾಗು ಬಿಡದಿದ್ದರೆ ಮೂಳೆ ವೈದ್ಯರಿಗೆ ತೋರಿಸಿ. ಬೆಳೆಯುವ ವಯಸ್ಸಿನಲ್ಲಿ ಅದನ್ನು ಬೇಗ ನೋಡಿಸುವುದು ಒಳ್ಳೆಯದು.

ಎರಡೂ ಸರಿ ಇದ್ದರೆ "ನೆಟ್ಟಗೆ ಕೂತ್ಕೋ" ಅಂತ ಗಂಟೆಗೊಮ್ಮೆ ಹೇಳುವುದನ್ನು ಬಿಟ್ಟುಬಿಡಿ. ಅವನಿಗೂ ಬೇಸರ, ನಿಮಗೂ ಬೇಸರ. ಪುಸ್ತಕಗಳ ಮೇಲೆ ಮೊಬೈಲ್ ನಿಲ್ಲಿಸಿ ನೋಡಲಿ, ಒಂದು ಪಾಠ ಮುಗಿದ ಮೇಲೆ ಎದ್ದು ಓಡಾಡಲಿ. ವಾರಕ್ಕೆ ಎರಡು ಮೂರು ಸಂಜೆಯಾದರೂ ಆಟದ ಮೈದಾನಕ್ಕೆ ಕಳಿಸಿ, ಪರೀಕ್ಷೆ ಹತ್ತಿರ ಬಂದಾಗಲೂ ಅದನ್ನು ನಿಲ್ಲಿಸಬೇಡಿ. ರಾತ್ರಿ ಎಷ್ಟು ಹೊತ್ತಿಗೆ ಮಲಗುತ್ತಾನೆ ಅಂತ ನೋಡಿ. ಆ ವಯಸ್ಸಿಗೆ ಎಂಟು ಗಂಟೆ ನಿದ್ದೆ ಬೇಕೇ ಬೇಕು, ನಿದ್ದೆ ಕೆಟ್ಟರೆ ಮಕ್ಕಳಿಗೂ ಕುತ್ತಿಗೆ, ಬೆನ್ನು ನೋವು ಜಾಸ್ತಿಯಾಗುತ್ತದೆ. ಬ್ಯಾಂಡ್ ತಂದ ಮೇಲೆ ಅವನಿಗೂ ಒಂದು ಕೊಡಿ, ಇಬ್ಬರೂ ಒಟ್ಟಿಗೆ ಎರಡು ನಿಮಿಷ ಮಾಡಿ.